ಅರಿಸಿನದ ಕಡ್ಡಿ, ಕುಂಕುಮದ ಕಡ್ಡಿ

ಬೆಳಗಿನ ಆರೂಕಾಲು. ಪಿರಿಯಾಪಟ್ಟಣದಿಂದ ಕೊಪ್ಪಕ್ಕೆ ಹೋಗುವಾಗ ಎಡಕ್ಕೆ ಸಿಗುವ ಸಣ್ಣಯ್ಯನಕೊಪ್ಪಲಿನಲ್ಲಿ ಕಾರ್ತಿಕದ ಮಂಜು ಇನ್ನೂ ಪೂರ್ತಿ ಎದ್ದಿಲ್ಲ. ಹಂಚಿನ ಮನೆಯೊಂದರ ಅಂಗಳದಲ್ಲಿ ಕೆಂಪು ಬೈಕು ನಿಂತಿದೆ. ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತ ಸುಕನ್ಯ, ಸ್ವೆಟರಿನ ಮೇಲೆ ಸೆರಗು ಬಿಗಿದು ಬೋಲ್ಟು ಬಿಚ್ಚುವ ಎಲ್ಲನ್ ಕೀ ತಿರುಗಿಸುತ್ತಿದ್ದಾರೆ. ಒಂದು ಬೋಲ್ಟು ಹೊರಗೆ ಬರುತ್ತದೆ. ಅದನ್ನು ಅವರು ತಟ್ಟೆಗೆ ಹಾಕುವುದಿಲ್ಲ, ನೆಲದ ಮೇಲೆ ಇಡುವುದಿಲ್ಲ. ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟಿರುವ ಉದ್ದನೆಯ ಕಡ್ಡಿಯೊಂದಕ್ಕೆ ದಾರ ಸುತ್ತಿ ಕಟ್ಟುತ್ತಾರೆ. ಮತ್ತೊಂದು ಬೋಲ್ಟು, ಮತ್ತೊಂದು ಗಂಟು. ಕಣ್ಣು ಬೈಕಿನ ಮೇಲೆಯೇ ಇದೆ, ಗಂಟು ಹಾಕುವುದನ್ನು ಬೆರಳುಗಳೇ ನೋಡಿಕೊಳ್ಳುತ್ತಿವೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಈ ಕಡ್ಡಿಯನ್ನು ಪರಿಚಯಿಸಬೇಕಾಗಿಲ್ಲ. ಹೊಗೆಸೊಪ್ಪಿನ ಎಲೆಗಳನ್ನು ಸಾಲಾಗಿ ಕಟ್ಟಿ ಬ್ಯಾರನ್ ಎಂಬ ಬೆಂಕಿಗೂಡಿನ ಮನೆಯೊಳಗೆ ಬೇಯಿಸಲು ತೂಗುಹಾಕುತ್ತಾರಲ್ಲ, ಅದೇ ಕಡ್ಡಿ. ಆ ದಾರವೂ ಅದೇ, ಗಂಟೂ ಅದೇ. ಎಲೆಯಿದ್ದ ಜಾಗಕ್ಕೆ ಬೋಲ್ಟು ಬಂದಿದೆ, ಅಷ್ಟೆ.

ಮುಂದಿನ ದೀಪದಿಂದ ಇಂಜಿನ್ನಿನ ಪಕ್ಕೆಯವರೆಗೆ ಬೈಕನ್ನು ಮುಚ್ಚುವ ಪ್ಲಾಸ್ಟಿಕ್ ಕವಚಕ್ಕೆ ಓದಿದವರು ಫೇರಿಂಗ್ ಎನ್ನುತ್ತಾರೆ. ಕೊಪ್ಪದ ಗ್ಯಾರೇಜುಗಳಲ್ಲಿ ಅದು ಬರೀ ಫೈಬರ್. ನೋಡಲು ಚೆಂದ, ಗಾಳಿ ಸೀಳಿಕೊಂಡು ಹೋಗುತ್ತದೆ, ಎಲ್ಲಾ ಸರಿ. ಆದರೆ ಒಳಗಿನ ಒಂದು ವೈರು ಕಿತ್ತುಹೋದರೂ, ಒಂದು ಬಲ್ಬು ಬದಲಾಯಿಸಬೇಕೆಂದರೂ ಅದನ್ನಷ್ಟೂ ಬಿಚ್ಚಬೇಕು. ಬಿಚ್ಚುವುದಕ್ಕೆ ಯಾರೂ ಹೆದರುವುದಿಲ್ಲ, ತಾಪತ್ರಯ ಶುರುವಾಗುವುದು ಮುಚ್ಚುವಾಗ. ನನ್ನ ಮನೆಯಲ್ಲೇ ಒಂದು ಉಪ್ಪಿನಕಾಯಿ ಬಾಟಲಿ ಇದೆ. ವೀಡಿಯೊ ನೋಡಿಕೊಂಡು ನಾನೇ ನನ್ನ ಬೈಕಿನ ಫೇರಿಂಗ್ ಬಿಚ್ಚಿ ಜೋಡಿಸಿದ ಭಾನುವಾರದಂದು ಮಿಕ್ಕ ಏಳು ಬೋಲ್ಟುಗಳು ಅದರಲ್ಲಿವೆ. ಅವು ಎಲ್ಲಿಯವು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಬೈಕು ಈಗಲೂ ಗುಂಡಿ ಸಿಕ್ಕಾಗಲೆಲ್ಲ ಗಿಲಕಿಯಂತೆ ಸದ್ದು ಮಾಡುತ್ತದೆ.

ಈ ಕಥೆ ಕೇಳಿ ಸುಕನ್ಯ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ. "ಏಳಾ? ಅಯ್ಯೋ ಸಿವ್ನೇ! ಮುಂದ್ಲ ಸಾರಿ ಆ ಬಾಟ್ಲಿ ತತ್ತನ್ನಿ ಸಾ. ಉದ್ದ ನೋಡುದ್ರೆ ಯಾವ್ದು ಎಲ್ಲೀದು ಅಂತ ಯೋಳ್ಬುಡ್ತೀನಿ."

ಸುಕನ್ಯರಿಗೆ ನಲವತ್ತಮೂರು ವರ್ಷ. ತವರು ಕೆ.ಆರ್. ನಗರದ ಕಡೆಯ ನಾಲೆ ಬಯಲು. "ನಮ್ಮೂರಲ್ಲಿ ಬತ್ತ ಬುಟ್ರೆ ಬ್ಯಾರೆ ಕಂಡಿರ್ಲಿಲ್ಲ. ಮದ್ವೆ ಆಗಿ ಇಲ್ಲಿಗ್ ಬಂದ್ಮ್ಯಾಲೆ ಸೊಪ್ಪು ಕಟ್ಟೋದ್ ಕಲ್ತೆ. ಕಲ್ಸಿದ್ದು ನಮ್ಮತ್ತೆ." ಅತ್ತೆ ಕೆಂಪಾಜಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಾರೆ. ಎಪ್ಪತ್ತನಾಲ್ಕು ವರ್ಷ, ಒಂದು ಕಣ್ಣಿನಲ್ಲಿ ಪೊರೆ. ಒಂದು ಕಾಲದಲ್ಲಿ ದಿನಕ್ಕೆ ಎಂಬತ್ತು ಕಡ್ಡಿ ಕಟ್ಟಿ, ಮಧ್ಯೆ ಎದ್ದು ಮನೆಮಂದಿಗೆ ಮುದ್ದೆಯನ್ನೂ ತಿರುವುತ್ತಿದ್ದರಂತೆ.

ಗಂಡ ಮಹೇಶ್‌ಕುಮಾರ್‌ಗೆ ಕೊಪ್ಪದಲ್ಲಿ ಸಣ್ಣ ಗ್ಯಾರೇಜಿದೆ. ಒಂಬತ್ತು ವರ್ಷದ ಹಿಂದೆ, ಮಳೆಗಾಲದಲ್ಲಿ, ಗ್ಯಾರೇಜು ಸೋರುತ್ತದೆಂದು ಫೈಬರ್ ಗಾಡಿಯೊಂದನ್ನು ಮನೆಗೇ ತಂದು ಬಿಚ್ಚುತ್ತಾ ಕೂತಿದ್ದರು. ಬೋಲ್ಟುಗಳನ್ನೆಲ್ಲ ಊಟದ ತಟ್ಟೆಯಲ್ಲಿ ಹಾಕಿದ್ದರು. ಜೋಳವೆಂದುಕೊಂಡ ಹುಂಜ ತಟ್ಟೆಗೆ ಹಾರಿ, ಎಲ್ಲ ಚೆಲ್ಲಾಪಿಲ್ಲಿ. ನಾಲ್ಕು ಬಗೆಯ ಉದ್ದದ ಮೂವತ್ತು ಬೋಲ್ಟು! ಮಹೇಶ್‌ಕುಮಾರ್ ಹುಂಜವನ್ನೂ ಬೈಕು ಮಾಡಿದವರನ್ನೂ ಒಟ್ಟಿಗೇ ಬೈಯುತ್ತಿದ್ದಾಗ, ಜಗಲಿಯಲ್ಲಿ ಸೊಪ್ಪು ಕಟ್ಟುತ್ತಿದ್ದ ಸುಕನ್ಯ ಕೇಳಿದ್ದು ಇಷ್ಟು: "ತಗ್ದಂಗ್ ತಗ್ದಂಗೇ ಕಡ್ಡಿಗ್ ಕಟ್ಬಾರ್ದಾ?"

ಆವತ್ತು ಬೈಸಿಕೊಂಡರು. ಮಾರನೆಯ ವಾರ ಗಂಡನೇ ಇನ್ನೊಂದು ಗಾಡಿ ತಂದು, "ಅದೇನ್ ಕಟ್ತೀಯೋ ಕಟ್ಟು" ಎಂದು ಎಲ್ಲನ್ ಕೀ ಕೊಟ್ಟರು. ಅಲ್ಲಿಂದ ಮನೆಯಲ್ಲಿ ಕೆಲಸ ಪಾಲಾಯಿತು. "ಇಂಜಿನ್ನು ಅವ್ರುದ್ದು, ಅಂಗಿ ನಂದು," ಎನ್ನುತ್ತಾರೆ ಸುಕನ್ಯ.

ಲೆಕ್ಕ ಬಹಳ ಸರಳ. ಎಡಗಡೆಯ ಕವಚಕ್ಕೆ ಒಂದು ಕಡ್ಡಿ, ಬಲಗಡೆಯದಕ್ಕೆ ಒಂದು ಕಡ್ಡಿ. ಮೊದಲು ಬಿಚ್ಚಿದ ಬೋಲ್ಟು ಕಡ್ಡಿಯ ಈ ತುದಿಗೆ, ಕಡೆಯಲ್ಲಿ ಬಿಚ್ಚಿದ್ದು ಆ ತುದಿಗೆ. ಜೋಡಿಸುವಾಗ ಆ ತುದಿಯಿಂದ ಶುರು. ಗಂಟೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದು, ಬೆಂದ ಸೊಪ್ಪು ಉದುರಿಸಲು ಹಾಕುವ ಗಂಟು. "ಕಡೇಲಿ ಬಂದೋಳು ಮೊದ್ಲು ಒಳೀಕ್ ಓಗ್ಬೇಕು. ಅಷ್ಟೇಯ ಸಾ, ಇದ್ರಲ್ಲೇನ್ ಬ್ರಮ್ಮವಿದ್ಯೆ ಅದೆ?"

ಬ್ರಹ್ಮವಿದ್ಯೆ ಬೇರೆ ಕಡೆ ಇದೆ. ಬೋಲ್ಟುಗಳೆಲ್ಲ ಬಂದ ಮೇಲೂ ಕವಚ ಬೈಕಿಗೆ ಅಂಟಿಕೊಂಡೇ ಇರುತ್ತದೆ. ಒಳಗೆ ಕಾಣದ ಹಾಗೆ ಹನ್ನೊಂದು ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತವೆ. ಜೋರಾಗಿ ಎಳೆದರೆ ಕ್ಲಿಪ್ಪು ಕೂರುವ ಪ್ಲಾಸ್ಟಿಕ್ಕಿನ ಕಿವಿ ಪಟಕ್ಕನೆ ಮುರಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸುಕನ್ಯ ಒಲೆಯ ಮೇಲಿನ ಹಂಡೆಯಿಂದ ಬಿಸಿನೀರು ತಂದು, ಬಟ್ಟೆ ಅದ್ದಿ ಹಿಂಡಿ, ಕ್ಲಿಪ್ಪಿರುವ ಕಡೆಯೆಲ್ಲ ಒತ್ತಿ ಹಿಡಿಯುತ್ತಾರೆ.

"ಚಳೀಲಿ ಫೈಬರ್ ಮುನಿಸ್ಕಂಡಿರ್ತದೆ. ವಸಿ ಬೆಚ್ಚಗ್ ಮಾಡಿ ಮಾತಾಡುಸ್ಬೇಕು. ಆಮ್ಯಾಕೆ ನೋಡಿ…" ಎಂದು ಅಂಗೈ ಒಳಗೆ ತೂರಿಸಿ ಮೆಲ್ಲಗೆ ತಳ್ಳುತ್ತಾರೆ. ಟಪ್, ಟಪ್, ಟಪ್. ಕವಚ ಬಿಟ್ಟುಕೊಳ್ಳುತ್ತದೆ. ಆದರೂ ಪೂರ್ತಿ ಎಳೆಯುವುದಿಲ್ಲ. ಇಂಡಿಕೇಟರಿನ ವೈರು ಇನ್ನೂ ಒಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಮರೆತು ಎಳೆದವರೇ ಹೆಚ್ಚು ಎನ್ನುತ್ತಾರೆ. ನಾನು ಸುಮ್ಮನೆ ಕಾಫಿ ಕುಡಿಯುತ್ತೇನೆ.

ಒಡೆದ ಕವಚಗಳನ್ನು ಬೆಸೆಯುವುದೂ ಇವರ ಕೆಲಸವೇ. ಹಳೆಯ ಫೈಬರ್ ಚೂರುಗಳನ್ನು ಗೋಣಿಚೀಲದಲ್ಲಿ ಕೂಡಿಟ್ಟಿದ್ದಾರೆ. ಕಾದ ಕಬ್ಬಿಣದ ಮೊನೆಯಿಂದ ಅದೇ ಜಾತಿಯ ಚೂರು ಕರಗಿಸಿ ಬಿರುಕಿಗೆ ಹೊಲಿಗೆ ಹಾಕುತ್ತಾರೆ. ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳಿವೆ. ಮೊದಮೊದಲು ಆ ಹೊಗೆಗೆ ತಲೆಸುತ್ತು ಬಂದು ಎರಡು ದಿನ ಮಲಗಿದ್ದರು. ಈಗ ಪಕ್ಕದಲ್ಲಿ ಟೇಬಲ್ ಫ್ಯಾನು ತಿರುಗುತ್ತದೆ. ಗಿರಾಕಿಗಳ ಕಾಟ ಬೇರೆ. "ಎಂಗುಸ್ರು ಬಿಚ್ಚುದ್ ಗಾಡೀನಾ?" ಎಂದು ಅರ್ಧ ದಾರಿಯಿಂದ ವಾಪಸು ಹೋದವರಿದ್ದಾರೆ. ಹುಣಸೂರಿನ ಒಬ್ಬರು ಇಡೀ ದಿನ ಎದುರಿಗೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರಂತೆ. "ಕುಂತ್ಕಳ್ಲಿ ಬುಡಿ, ಮದ್ಯಾನ್ಕೆ ಅವ್ರಿಗೂ ಮುದ್ದೆ ಇಕ್ದೆ. ಈಗ ವರ್ಸ ವರ್ಸ ಬತ್ತಾರೆ."

ಒಂಬತ್ತು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗಾಡಿಗಳು ಈ ಅಂಗಳದಲ್ಲಿ ಅಂಗಿ ಕಳಚಿವೆ. ಬಿಚ್ಚಲು ಐವತ್ತೈದು ನಿಮಿಷ, ಮುಚ್ಚಲು ಒಂದೂವರೆ ಗಂಟೆ. ಒಂದು ಕಾಲಕ್ಕೆ ವಾರಕ್ಕೆ ಎಂಟು ಗಾಡಿ ಬರುತ್ತಿದ್ದವು. ಈಗ ಎರಡು, ಹೆಚ್ಚೆಂದರೆ ಮೂರು. ಯಾಕೆ ಎಂದು ಕೇಳಿದೆ. ಸುಕನ್ಯ ಎದುರಿಗಿದ್ದ ಕೆಂಪು ಬೈಕಿನ ಕಡೆ ಗಲ್ಲ ತಿರುಗಿಸಿದರು. "ಈ ಗಾಡಿಯಿಂದ್ಲೇಯ."

ಬೈಕು ಧರ್ಮೇಂದ್ರನದು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನವನು, ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರಲ್ಲಿ ಜೀಪು ಓಡಿಸುತ್ತಾನೆ. ದಿನವೂ ಕಾಡಿನ ರಸ್ತೆಯಲ್ಲಿ ಓಡಾಟ. ಎರಡು ವರ್ಷದ ಹಿಂದೆ ಮುಂದಿನ ದೀಪದ ವೈರು ಬದಲಾಯಿಸಲು ಇದೇ ಅಂಗಳಕ್ಕೆ ಬಂದಿದ್ದ. ಆವತ್ತು ಮಧ್ಯಾಹ್ನ ಸುಕನ್ಯ ಊಟ ಮುಗಿಸಿ ಬರುವಷ್ಟರಲ್ಲಿ ಎಡಗಡೆಯ ಕಡ್ಡಿ, ಬಲಗಡೆಯ ಕಡ್ಡಿ ಅದಲುಬದಲಾಗಿದ್ದವು. ಹೊಗೆಸೊಪ್ಪಿನ ಕಡ್ಡಿಗಳು ನೋಡಲು ಎಲ್ಲವೂ ಒಂದೇ. ಎಡಗಡೆಯ ಉದ್ದನೆಯ ಬೋಲ್ಟು ಬಲಗಡೆಗೆ ಹೋಯಿತು. ಅಲ್ಲಿ ಹಿಂದೆಯೇ ಇರುವುದು ಇಂಜಿನ್ನನ್ನು ತಣ್ಣಗಿಡುವ ನೀರಿನ ರೇಡಿಯೇಟರ್. ಬೋಲ್ಟಿನ ಮೊನೆ ಅದನ್ನು ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ತೂತು ಮಾಡಿತು. ಬೇಗೂರಿಗೆ ಇನ್ನೂ ಆರು ಕಿಲೋಮೀಟರ್ ಇದೆ ಎನ್ನುವಾಗ, ನಡು ಕಾಡಿನಲ್ಲಿ, ಹೊತ್ತು ಮುಳುಗುವ ವೇಳೆಗೆ ಗಾಡಿ ಕಾದು ನಿಂತಿತು.

ಮುಂದಿನದನ್ನು ಧರ್ಮೇಂದ್ರನೇ ಹೇಳಬೇಕು. ಗೆಳೆಯನ ಮನೆಯಲ್ಲಿ ರಾತ್ರಿ ತಂಗಿದ್ದವನು ಹತ್ತು ಗಂಟೆಗೆ ಬಂದು ಜಗಲಿಯ ಮೇಲೆ ಕೂತಿದ್ದಾನೆ. "ರಸ್ತೆ ಆ ಕಡೆ ಐದ್ ಆನೆ ಇದ್ವು ಸಾರ್, ಒಂದು ಮರಿ. ನಾನು ಗಾಡಿ ಇಂದ್ಗಡೆ ಕುಕ್ಕರುಗಾಲಲ್ಲಿ ಕುಂತ್ಕಂಡು, ಉಸ್ರು ಬುಡೋದೋ ಬ್ಯಾಡ್ವೋ ಅಂತ ಯೋಚ್ನೆ ಮಾಡ್ತಿದ್ದೆ. ಮುಕ್ಕಾಲ್ ಗಂಟೆ ಆದ್ಮೇಲೆ ಫಾರೆಸ್ಟ್ ಜೀಪು ಬಂತು, ಬದುಕ್ಕಂಡೆ."

ಆ ಸಿಟ್ಟಿನಲ್ಲಿ ಅವನು ಫೋನು ಮಾಡಿ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. "ಕಂಪ್ನಿ ಪಾರ್ಟೇ ಸರಿ ಇಲ್ಲ ಅಂತ ಯೋಳು" ಎಂದು ಗಂಡ ಪಕ್ಕದಿಂದ ಸನ್ನೆ ಮಾಡುತ್ತಿದ್ದರೂ ಸುಕನ್ಯ ಹೇಳಿದ್ದು, "ತಪ್ಪು ನಂದೇ ಕಣಪ್ಪ. ಬೋಲ್ಟು ಅದ್ಲುಬದ್ಲಾಗದೆ." ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ಹೊಸ ರೇಡಿಯೇಟರ್ ಹಾಕಿಸಿಕೊಟ್ಟರು. ಅಷ್ಟಾದರೂ ಸುದ್ದಿ ನಿಲ್ಲಲಿಲ್ಲ. ಧರ್ಮೇಂದ್ರ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಕೋಟೆ ಕಡೆಯ ಗಾಡಿಗಳು ನಿಂತವು, ಆಮೇಲೆ ಹುಣಸೂರಿನವೂ ಕಡಿಮೆಯಾದವು.

ಹಾಗಾದರೆ ಈಗ ಯಾಕೆ ಬಂದೆ ಮಾರಾಯ ಎಂದು ಕೇಳದೆ ಇರಲಾಗಲಿಲ್ಲ. ಧರ್ಮೇಂದ್ರ ಕತ್ತು ತುರಿಸಿಕೊಂಡ. "ಓದ್ ತಿಂಗ್ಳು ಜಾರಿ ಬಿದ್ದು ಫೈಬರ್ ಒಡ್ದೋಯ್ತು ಸಾರ್. ಬ್ಯಾರೆ ಕಡೆ ಕೊಟ್ಟೆ. ಮೂರ್ ಕಿವಿ ಮುರುದ್ರು. ಕೊನೇಲಿ ಎರಡ್ ಬೋಲ್ಟ್ ಮಿಕ್ಕುದ್ವು. ಇದ್ಯಾಕಣ್ಣ ಅಂದ್ರೆ, ಅವು ಬೇಕಾಗಿಲ್ಲ ಬುಡು ಅಂದ್ರು! ಆವಾಗ ಅಕ್ಕನ ಗ್ಯಾಪ್ಕ ಆಯ್ತು. ತಪ್ಪು ನಂದು ಅಂದೋರು ಇವ್ರೊಬ್ರೇ."

ಅಂದರೆ ಇವತ್ತಿನ ಕೆಲಸ ಬರೀ ಒಂದು ಗಾಡಿಯದ್ದಲ್ಲ. ಬಿರುಕು ಬೆಸೆಯಬೇಕು, ಮುರಿದ ಮೂರು ಕಿವಿ ಕೂರಿಸಬೇಕು, ಮಂಜಿಗೆಂದು ಹಳದಿ ದೀಪ, ಎದೆಗೆ ಗಾಳಿ ಹೊಡೆಯದ ಹಾಗೆ ಎತ್ತರದ ಗಾಜು ಹಾಕಬೇಕು. ಆಮೇಲೆ ಈ ಗಾಡಿ ಅದೇ ಕಾಡಿನ ರಸ್ತೆ ಹಾಯಬೇಕು, ಕತ್ತಲಾಗುವ ಮುಂಚೆ. ಹಾಯ್ದರೆ ಎರಡು ವರ್ಷದ ಮಾತು ಅಳಿಯುತ್ತದೆ. ಮತ್ತೆ ನಿಂತರೆ ಈ ಅಂಗಳಕ್ಕೆ ಇನ್ನು ಯಾರೂ ಬರುವುದಿಲ್ಲ.

"ಬೆಳಿಗ್ಗೆಯಿಂದ ಒಂದ್ ತುತ್ತೂ ಒಳೀಕ್ ಇಳೀಲಿಲ್ಲ ಸಾ," ಎನ್ನುತ್ತಾರೆ ಸುಕನ್ಯ.

ಎರಡು ಕಡ್ಡಿಗಳನ್ನು ನಾನು ಈಗ ಸರಿಯಾಗಿ ನೋಡುತ್ತೇನೆ. ಒಂದರ ತುದಿಗೆ ಅರಿಸಿನ ಬಳಿದಿದೆ, ಇನ್ನೊಂದರ ತುದಿಗೆ ಕುಂಕುಮ. ಅರಿಸಿನ ಎಡಕ್ಕೆ, ಕುಂಕುಮ ಬಲಕ್ಕೆ. ಆ ಘಟನೆಯ ಮಾರನೆಯ ಬೆಳಿಗ್ಗೆಯೇ ಬಳಿದರಂತೆ. ಆವತ್ತು ಕಡ್ಡಿಗಳು ಅದಲುಬದಲಾಗಿದ್ದು ಹೇಗೆ ಎಂದು ಕೇಳಿದೆ. "ನನ್ ಕೈ ತಪ್ಪು," ಎಂದು ಸುಕನ್ಯ ನನ್ನ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರಿಸಿ, ಕಾದ ಕಬ್ಬಿಣವನ್ನು ಬಿರುಕಿಗೆ ಒತ್ತಿದರು.

ಇಂಥ ಬರಹಗಳಿಗೆ ಒಂದು ಕಟ್ಟಳೆಯ ಪ್ರಶ್ನೆ ಇರುತ್ತದೆ, ನಿಮ್ಮ ಆಸೆ ಏನು ಅಂತ. ಶೀಟಿನ ಚಪ್ಪರ ಎನ್ನುತ್ತಾರೆ, ಇಲ್ಲವೇ ರಸ್ತೆಯಲ್ಲೊಂದು ಬೋರ್ಡು ಎನ್ನುತ್ತಾರೆ ಎಂದುಕೊಂಡು ಪೆನ್ನು ಹಿಡಿದು ಕೂತೆ. ಸುಕನ್ಯ ದನಿ ತಗ್ಗಿಸಿದರು. "ನಮ್ಮತ್ತೆ ಎರಡ್ ವರ್ಸದಿಂದ ಕಡ್ಡಿ ಮುಟ್ಟಿಲ್ಲ ಸಾ. ಕಣ್ ಕಾಣಕಿಲ್ಲ ಅಂತಾರೆ. ಸುಳ್ಳು. ಅವ್ರ ಬೆರಳ್ಗೆ ಕಣ್ಣೇ ಬೇಕಾಗಿಲ್ಲ. ಮೊದ್ಲೆಲ್ಲ ನಾನ್ ಬಿಚ್ಚಿ ಕೊಡೋದು, ಅವ್ರು ಕಟ್ಟೋದು. ಎಷ್ಟ್ ಚೆಂದಾಗ್ ಓಯ್ತಿತ್ತು ಕೆಲ್ಸ! ಮತ್ತೆ ನನ್ ಪಕ್ದಲ್ಲಿ ಕುಂತ್ಕಂಡು ಕಟ್ಲಿ. ಅದ್ಬುಟ್ರೆ ಇನ್ನೇನೂ ಬ್ಯಾಡ."

ಜಗಲಿಯಲ್ಲಿ ಎಲೆಯಡಿಕೆ ಕುಟ್ಟುವ ಸದ್ದು ನಿಂತಿತ್ತು. ಕೆಂಪಾಜಮ್ಮನಿಗೆ ಕಣ್ಣು ಮಂದವಿರಬಹುದು, ಕಿವಿ ಬಹಳ ಚುರುಕು.

ಒಂದು ಗಂಟೆಗೆ ಜೋಡಣೆ ಶುರುವಾಗುತ್ತದೆ. ಕಡ್ಡಿಯಿಂದ ಒಂದೊಂದೇ ಗಂಟು ಎಳೆದು, ಬೋಲ್ಟನ್ನು ಬೆರಳಿನಿಂದಲೇ ಮೂರು ಸುತ್ತು ತಿರುಗಿಸಿ, ಸಲೀಸಾಗಿ ಹೋದರೆ ಮಾತ್ರ ಕೀ ಹಾಕುತ್ತಾರೆ. ಎರಡೂವರೆಗೆ ಎರಡೂ ಕಡ್ಡಿ ಖಾಲಿ. ಗಿರಾಕಿ ಗಾಡಿಯ ಕೀ ತಿರುಗಿಸುವ ಮುಂಚೆ ಖಾಲಿ ಕಡ್ಡಿಗಳನ್ನು ಅವನ ಕೈಗೆ ಕೊಟ್ಟು ನೋಡಿಸುವುದು ಇಲ್ಲಿಯ ಪದ್ಧತಿ. ಸುಕನ್ಯ ಕಡ್ಡಿಗಳನ್ನು ಎತ್ತಿಕೊಳ್ಳಲು ಬಗ್ಗಿದರು. ಅಷ್ಟರಲ್ಲಿ ಕೆಂಪಾಜಮ್ಮ ಕಂಬ ಹಿಡಿದು ಎದ್ದು, ಮೆಟ್ಟಿಲಿಳಿದು ಬಂದು, ಎರಡನ್ನೂ ತಾವೇ ಎತ್ತಿಕೊಂಡು ಧರ್ಮೇಂದ್ರನ ಮುಂದೆ ನಿಂತರು.

"ನೋಡ್ಕೊ ಮಗ, ಖಾಲಿ ಅವೆ. ಇನ್ನೊಂದ್ ಮಾತು. ಆವತ್ತು ಕಡ್ಡಿ ಬದ್ಲಾಯ್ಸಿದ್ದು ಇವ್ಳಲ್ಲ ಕಣಪ್ಪ. ನಾನು."

ಕೆಂಪಾಜಮ್ಮ ಕಡ್ಡಿಗಳನ್ನು ಎದೆಗವಚಿಕೊಂಡು ಮುಂದುವರಿಸಿದರು.

"ಕಟ್ಟಿದ್ ಕಡ್ಡಿ ನೆಲದ್ ಮ್ಯಾಲೆ ಬುಡಬಾರ್ದು, ಸೊಪ್ಪು ನಲುಗ್ತದೆ. ಐವತ್ ವರ್ಸದ್ ಅಬ್ಯಾಸ. ಇವ್ಳು ಉಣ್ಣಕ್ ಓಗಿದ್ಲು, ಕಡ್ಡಿ ಎಲ್ಡೂ ಕೆಳಗಿದ್ವು. ಎತ್ತಿ ಸೂರಿನ್ ಗಳುಗೆ ಏರುಸ್ಬುಟ್ಟೆ. ಯಾವ್ದು ಯಾವ್ ಕಡೇದು ಅಂತ ನೋಡ್ಲೇ ಇಲ್ಲ, ಎಡದ್ದು ಬಲಕ್ಕೆ ಇಕ್ಬುಟ್ಟಿದ್ದೆ. ಮಾರ್ನೆ ದಿನ ಇವ್ಳು ಅರಿಸ್ನ ಬಳೀತಿದ್ಲಲ್ಲ, ಆವಾಗ ಗೊತ್ತಾಯ್ತು. ನೀನ್ ಮಾಡ್ದೆ ಅಂತ ಒಂದ್ ಮಾತು ನನ್ನ ಅನ್ಲಿಲ್ಲ. ಊರೆಲ್ಲಾ ಇವ್ಳನ್ನ ಅಂತು." ಅವರು ಸೊಸೆಯ ಕಡೆ ತಿರುಗಿದರು. "ನಾನೂ ಸುಮ್ಕೆ ಇದ್ಬುಟ್ಟೆ. ನಾಚ್ಕೆ."

ಸುಕನ್ಯ ಕೈಯೊರೆಸಿಕೊಳ್ಳುತ್ತಾ, "ಅತ್ತೆ, ಬುಡಿ ಅದ್ನ. ಕಡ್ಡಿ ಯಾರಾರ ಎತ್ತಿಡ್ಲಿ, ಬೋಲ್ಟ್ ಆಕಿದ್ದು ನಾನಲ್ವಾ? ಬೆರಳಲ್ಲಿ ತಿರುಗುಸ್ದಾಗ್ಲೇ ಗೊತ್ತಾಗ್ಬೇಕಿತ್ತು ನಂಗೆ," ಎಂದರು. ಅತ್ತೆ ಸೊಸೆಯರ ಬಗ್ಗೆ ನಮ್ಮಲ್ಲಿ ನೂರು ಗಾದೆಗಳಿವೆ. ಆ ಅಂಗಳದಲ್ಲಿ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಧರ್ಮೇಂದ್ರ ಕಡ್ಡಿಗಳನ್ನು ಎರಡು ಕೈಯಲ್ಲೂ ತೆಗೆದುಕೊಂಡು, ನೋಡಿ, ಅಜ್ಜಿಗೇ ವಾಪಸು ಕೊಟ್ಟ. "ಆನೆ ನನ್ನ ಏನೂ ಮಾಡ್ಲಿಲ್ಲ ಬುಡಜ್ಜಿ. ನಾನೇ ಬಾಯಿಗ್ ಬಂದಂಗ್ ಅಂದ್ಕಂಡ್ ಓಡಾಡ್ದೆ. ಮನೆ ಸೇರ್ದೇಟ್ಗೇ ಫೋನ್ ಮಾಡ್ತೀನಿ ಅಕ್ಕ." ಹಳದಿ ದೀಪ ಹಾಕಿಕೊಂಡೇ ಹೊರಟ, ಹಗಲಿನಲ್ಲಿ.

ಆಮೇಲೆ ಕಾಯುವುದೊಂದೇ ಕೆಲಸ. ಪಿರಿಯಾಪಟ್ಟಣ, ಹುಣಸೂರು, ಕೋಟೆ, ಆಮೇಲೆ ಕಾಡು. ಸುಕನ್ಯ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾರೆ. ಗ್ಯಾರೇಜಿನಿಂದ ಮಹೇಶ್‌ಕುಮಾರ್ ಎರಡು ಸಲ ಫೋನು ಮಾಡಿ, "ಬಂತಾ?" ಎಂದು ಕೇಳುತ್ತಾರೆ. ಎರಡು ಸಲವೂ ಸುಕನ್ಯ ಬೆಚ್ಚಿ, "ನೀವಾ? ಇಡಿ ಸುಮ್ಕೆ, ಲೈನ್ ಬಿಜಿ ಮಾಡ್ಬೇಡಿ," ಎಂದು ಗದರುತ್ತಾರೆ. ನಾಲ್ಕೂವರೆ ಆಯಿತು, ಐದಾಯಿತು. ಹೊರಡಬೇಕಿದ್ದ ನಾನೂ ಹೊರಡಲಿಲ್ಲ. ಕೆಂಪಾಜಮ್ಮ ಜಗಲಿಯ ಮೇಲೆ ಎರಡೂ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ನೆಲಕ್ಕೂ ಇಟ್ಟಿಲ್ಲ, ಗಳುವಿಗೂ ಏರಿಸಿಲ್ಲ.

ಐದೂ ಇಪ್ಪತ್ತಕ್ಕೆ ಫೋನು ಬಂತು. ಸುಕನ್ಯ ಸ್ಪೀಕರಿಗೆ ಹಾಕಿದರು. ಹಿನ್ನೆಲೆಯಲ್ಲಿ ಯಾರದೋ ಮನೆಯ ಹಸು ಕೂಗುತ್ತಿದೆ. "ಅಕ್ಕಾ, ಸೇರ್ದೆ. ಬಗ್ಗಿ ನೋಡ್ದೆ, ಇಂಜಿನ್ ಅತಿಯಾಗಿ ಕಾದಿಲ್ಲ, ನೀರ್ ಸೋರಿಲ್ಲ. ನಮ್ ರೆಸಾರ್ಟಲ್ಲಿ ಇನ್ನೂ ಇಬ್ರುದ್ದು ಫೈಬರ್ ಗಾಡಿ ಅವೆ, ನಿಮ್ ನಂಬರ್ ಕೊಟ್ಟಿವ್ನಿ. ನಾಳೆ ಒಬ್ಬ ಬತ್ತಾನೆ."

ಸುಕನ್ಯ ಫೋನು ಕೆಳಗಿಟ್ಟು, ಮಣೆಯ ಮೇಲೆ ಕುಸಿದು ಕೂತು, ಎರಡು ಕೈಯಲ್ಲೂ ಮುಖ ಒರೆಸಿಕೊಂಡರು. ಕೆಂಪಾಜಮ್ಮ ಮಡಿಲಿನಿಂದ ಒಂದು ಕಡ್ಡಿ ಎತ್ತಿ, ತುದಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ಕುಂಕುಮದ್ದನ್ನು ಸೊಸೆಯ ಕೈಗೆ ಕೊಟ್ಟರು. ಇನ್ನೊಂದನ್ನು ಕೊಡಲಿಲ್ಲ.

"ಅರಿಸ್ನದ್ದು ನಂಗಿರ್ಲಿ. ನಾಳೀಕೆ ದಾರ ಜಾಸ್ತಿ ಕತ್ರುಸ್ಕೊ ಕಣವ್ವ, ಎಡಗಡೆ ನಾನ್ ಕಟ್ತೀನಿ."